ಬಂಗಲೆಯ ನೆರಳಿಗೆ ಗಿಡ ಹುಡುಕಿದ ಶಂಕ್ರೆಪ್ಪ

ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ತೊಗರಿ ಹೊಲಗಳು ಶುರುವಾಗುವಲ್ಲಿ, ಕಾಲುವೆ ಇಲಾಖೆಯದೊಂದು ಹಳೆಯ ಬಂಗಲೆ ಇದೆ. ದೊಡ್ಡ ಸಾಹೇಬರು ಯಾರಾದರೂ ಬಂದರೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. ಉಳಿದ ದಿನ ಅಲ್ಲಿ ಇರುವವನು ಮಾಲಿ ಶಂಕ್ರೆಪ್ಪ ಒಬ್ಬನೇ. ಇಪ್ಪತ್ತಾರು ವರ್ಷದಿಂದ ಅವನಿಗೆ ಅದೇ ಕೆಲಸ, ಹಿಂದಿನ ಖೋಲಿಯೇ ಮನೆ. ಒಮ್ಮೊಮ್ಮೆ ಎರಡು ದಿನ ಯಾರೊಡನೆಯೂ ಮಾತಿಲ್ಲದೆ ಕಳೆದುಹೋಗುತ್ತಿದ್ದವು. ಮೂರನೆಯ ದಿನ ದಾರಿ ಕೇಳಿದವರಿಗೆ ಉತ್ತರ ಹೇಳುವಾಗ ತನ್ನ ದನಿ ತನಗೇ ಬೇರೆಯವರದು ಅನ್ನಿಸುತ್ತಿತ್ತು.

ಬಂಗಲೆಯ ಅಂಗಳದಲ್ಲಿ ಎರಡು ಬೇವಿನ ಮರ, ಒಂದು ಹುಣಸೆ. ಮೂರರ ಟೊಂಗೆಗಳೂ ಒಂದರೊಳಗೊಂದು ಹೆಣೆದುಕೊಂಡು, ಏಪ್ರಿಲ್ ತಿಂಗಳ ನಡುಹಗಲಲ್ಲೂ ಕೆಳಗೆ ಸಂಜೆಯ ಬೆಳಕು. ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಗುಲಾಬಿ ಹಚ್ಚಿದರೆ ಉದ್ದಕ್ಕೆ ಸೊರಗಿ ಎಲೆ ಉದುರಿಸುತ್ತಿತ್ತು, ಮಲ್ಲಿಗೆ ಬಳ್ಳಿಯಾಗಿ ಹಬ್ಬಿದರೂ ಮೊಗ್ಗು ಬಿಡುತ್ತಿರಲಿಲ್ಲ. ಸಾಹೇಬರು ಬರುವ ಸುದ್ದಿ ಸಿಕ್ಕರೆ ಚೆಂಡುಹೂವಿನ, ಸೇವಂತಿಯ ಕುಂಡಗಳು ಗಾಡಿಯಲ್ಲಿ ಬರುತ್ತಿದ್ದವು. ಶಂಕ್ರೆಪ್ಪ ಅವನ್ನು ಮೆಟ್ಟಿಲ ಎರಡೂ ಬದಿ ಜೋಡಿಸಬೇಕು. ವಾರದಲ್ಲಿ ಅವು ಒಣಗಿದ ಮೇಲೆ ತಿಪ್ಪೆಗೆ ಹಾಕಬೇಕು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅನಿಲಕುಮಾರ ಎಂಬ ಹೊಸ ಎಂಜಿನಿಯರ್ ಬಂದರು. ಚುರುಕಿನ ಮನುಷ್ಯ, ಕೆಟ್ಟವರಲ್ಲ. ಅಂಗಳದಲ್ಲಿ ಒಂದು ಸುತ್ತು ಹಾಕಿ, ಇಷ್ಟು ಜಾಗ ಬೋಳಾಗಿ ಬಿದ್ದಿದೆಯಲ್ಲ ಎಂದು ಬೇಸರಪಟ್ಟರು. ಮರಗಳನ್ನು ತೆಗೆಸಿ ಹುಲ್ಲಿನ ಲಾನ್ ಮಾಡಿಸುವುದು, ಅರಣ್ಯ ಇಲಾಖೆಗೆ ಅರ್ಜಿ ಬರೆಯುವುದು ಎಂದು ನಿಂತಲ್ಲೇ ನಿಶ್ಚಯಿಸಿದರು. ಅಷ್ಟು ವರ್ಷದಲ್ಲಿ ಸಾಹೇಬರ ಮಾತಿಗೆ ಎದುರಾಡದ ಶಂಕ್ರೆಪ್ಪ ಅಂದು ಬಾಯಿಬಿಟ್ಟ.

"ಸಾಹೇಬ್ರ, ಒಂದು ವರ್ಷ ತಡೀರಿ. ನೆಳ್ಳಾಗ ಬಾಳೂವಂಥಾ ಗಿಡ ಹುಡುಕತೇನಿ."

ಅನಿಲಕುಮಾರ ಅವನ ಮುಖ ನೋಡಿ ನಕ್ಕರು. ಪರವಾನಗಿ ಬರುವುದಕ್ಕೇ ಒಂದು ವರ್ಷ ಬೇಕು, ಅಷ್ಟರೊಳಗೆ ಏನು ಮಾಡುತ್ತೀಯೋ ಮಾಡು ಎಂದು ಜೀಪು ಹತ್ತಿದರು.

ಹೇಳಿದ್ದೇನೋ ಹೇಳಿಬಿಟ್ಟ. ಅಂಥ ಗಿಡ ಯಾವುದು ಎಂಬುದು ಅವನಿಗೂ ಗೊತ್ತಿರಲಿಲ್ಲ. ರವಿವಾರ ಬಸ್ಸು ಹಿಡಿದು ಸಿಂದಗಿಗೆ ಹೋದ. ಅಲ್ಲಿ ಚಮನಸಾಬ ಎಂಬುವರ ನರ್ಸರಿ ಇತ್ತು. ಗಿಡ ತೋರಿಸುತ್ತಾರೆಂದುಕೊಂಡರೆ ಆ ಮುದುಕರು ಪ್ರಶ್ನೆ ಕೇಳತೊಡಗಿದರು. ಬಿಸಿಲು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತು ಇರುತ್ತದೆ, ಬೋರಿನ ನೀರು ಸಿಹಿಯೋ ಸವಳೋ, ಮೇ ತಿಂಗಳಲ್ಲಿ ನೀರು ಹಾಕುವವರು ಯಾರು? ನೀರು ಸವಳು, ಹಾಕುವವನು ತಾನೇ, ಅಷ್ಟು ಹೇಳಿದ. ಬಿಸಿಲಿನ ವಿಷಯಕ್ಕೆ ಉತ್ತರ ಇರಲಿಲ್ಲ. ಎಲ್ಲ ನೆರಳೂ ಒಂದೇ ಅಲ್ಲ, ಮೊದಲು ನೆರಳು ನೋಡಿಕೊಂಡು ಬಾ ಎಂದು ಚಮನಸಾಬ ಬರಿಗೈಯಲ್ಲೇ ಕಳಿಸಿದರು.

ಮರುದಿನ ಶಂಕ್ರೆಪ್ಪ ಬೆಳಗಿನಿಂದ ಹೊತ್ತು ಮುಳುಗುವವರೆಗೆ ಅಂಗಳದಲ್ಲೇ ಕೂತ. ತಾಸಿಗೊಮ್ಮೆ ಎದ್ದು, ಬಿಸಿಲಿನ ಅಂಚು ಎಲ್ಲಿದೆಯೋ ಅಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದ. ಸಂಜೆಗೆ ನೋಡಿದರೆ ನೆರಳು ಮೂರು ಬಗೆಯದಾಗಿತ್ತು. ಮೂಡಲ ಗೋಡೆಯ ಬದಿ ಬೆಳಗಿನ ಎರಡು ತಾಸು ಎಳೆಬಿಸಿಲು ಬರುತ್ತಿತ್ತು. ಬೇವಿನ ಕೆಳಗೆ ದಿನವಿಡೀ ಜರಡಿ ಹಿಡಿದ ಹಾಗೆ ಚುಕ್ಕಿಚುಕ್ಕಿ ಬೆಳಕು. ಹುಣಸೆಯ ಆಚೆ, ಬಡಗಣ ಗೋಡೆಯ ಬುಡದಲ್ಲಿ ಮಾತ್ರ ಬಿಸಿಲೆಂಬುದೇ ಇಲ್ಲ. ಇಷ್ಟು ವರ್ಷ ಇಲ್ಲೇ ಇದ್ದು ಇದನ್ನು ಕಂಡಿರಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಸೋಜಿಗವಾಯಿತು.

ಎರಡನೆಯ ಸಲ ಹೋದಾಗ ಚಮನಸಾಬ ಗಿಡ ಕೊಟ್ಟರು. ಬೆಳಗಿನ ಬಿಸಿಲಿನ ಜಾಗಕ್ಕೆ ದೊಡ್ಡಪತ್ರೆ. ಬೇವಿನ ಕೆಳಗೆ, ಮೇಲೆ ಹಸಿರು ಕೆಳಗೆ ನೇರಳೆ ಬಣ್ಣದ ಎಲೆಯ ಗಿಡ, ಮತ್ತೆ ಹಾವಿನ ಮೈಯಂತೆ ಪಟ್ಟೆಯಿದ್ದು ಕತ್ತಿಯಂತೆ ನೆಟ್ಟಗೆ ನಿಲ್ಲುವ ಇನ್ನೊಂದು. ಚೆಂದ ಕಂಡಿತೆಂದು ಶಂಕ್ರೆಪ್ಪ ತಾನಾಗಿಯೇ ನಾಲ್ಕು ಜರಿಗಿಡವನ್ನೂ ಆರಿಸಿಕೊಂಡ. ಇದು ನಿಮ್ಮ ಹವಾಕ್ಕೆ ತಾಳುವುದಿಲ್ಲ ಎಂದು ಅವರು ಹೇಳಿದರೂ ಕೇಳಲಿಲ್ಲ. ಮೇ ತಿಂಗಳ ಬಿಸಿಗಾಳಿಗೆ ಜರಿಗಿಡಗಳು ಸುಟ್ಟ ಕಾಗದದಂತಾದವು. ಉಳಿದವು ಬೇರುಬಿಟ್ಟವು. ಆದರೆ ಬಡಗಣ ಗೋಡೆಯ ಬುಡ ಬೋಳಾಗಿಯೇ ಉಳಿಯಿತು. ಏನು ಹಚ್ಚಿದರೂ ಎರಡು ವಾರಕ್ಕೆ ಕೊಳೆಯುತ್ತಿತ್ತು, ಇಲ್ಲವೆ ಒಣಗುತ್ತಿತ್ತು.

ಮತ್ತೆ ಹೋಗಿ ಹೇಳಿಕೊಂಡಾಗ ಚಮನಸಾಬ ಗಡ್ಡ ನೀವಿಕೊಂಡರು.

"ಅದು ನನ್ನ ಕಡೆ ಇಲ್ಲಪಾ. ಹಳೇ ಮನಿ ಬಚ್ಚಲ ಹಿಂದ ನೋಡು. ಯಾರೂ ಕಾಳಜಿ ಮಾಡದ ಇಪ್ಪತ್ತು ವರ್ಷ ನೆಳ್ಳಾಗ ಬದುಕಿದ್ದ ಗಿಡ ಇರ್ತೈತಿ. ಅದನ್ನ ತಗೊಂಡು ಹಚ್ಚು."

ಈ ಮಾತು ಕೇಳುತ್ತಲೇ ಶಂಕ್ರೆಪ್ಪನ ಕಣ್ಣ ಮುಂದೆ ಒಂದು ಜಾಗ ಬಂದು ನಿಂತಿತು. ಮಸೂತಿ ಎಂಬ ಊರಿನಲ್ಲಿ ಅವನ ಮಾವನ ಮನೆ. ಬಚ್ಚಲ ಹಿಂದೆ ಎಂದೂ ಬಿಸಿಲು ಕಾಣದ ಸಂದಿಯಲ್ಲಿ ದಟ್ಟ ಹಸಿರು ಎಲೆಯ ಗಡ್ಡೆಗಿಡ, ಅದರ ತುಂಬ ಎಳೆ ಎಳೆಯಾದ ಬಿಳಿ ಹೂವು. ಮದುವೆಯಾದ ಹೊಸದರಲ್ಲಿ ಕೈಕಾಲು ತೊಳೆಯಲು ಹೋದಾಗ ನೋಡಿದ್ದ. ಈಗ ಆ ಮನೆಯಲ್ಲಿ ಅವನ ಹೆಂಡತಿ ಮರೆವ್ವ ತನ್ನ ಅಣ್ಣನ ಸಂಸಾರದೊಡನೆ ಇದ್ದಳು. ಬಂಗಲೆ ಬಿಟ್ಟು ಹೋಗಿ ಅವಳಿಗೆ ಹನ್ನೊಂದು ವರ್ಷವಾಗಿತ್ತು.

ಅವರಿಗೆ ಸಾಕ್ಷಿ ಎಂಬ ಮಗಳಿದ್ದಳು, ನಾಲ್ಕು ವರ್ಷದವಳು. ಅವಳಿಗೆ ಜ್ವರ ಏರಿದ ದಿನವೇ ಬಂಗಲೆಗೆ ದೊಡ್ಡವರು ಬರುವವರಿದ್ದರು. ಮರೆವ್ವ ಖೋಲಿಯಿಂದ ಎರಡು ಸಲ ಹೇಳಿಕಳಿಸಿದಳು. ಇನ್ನೇನು ಮುಗಿಯಿತು ಎನ್ನುತ್ತ ಅವನು ಹೂವಿನ ಕುಂಡ ಜೋಡಿಸುತ್ತಲೇ ಇದ್ದ. ಅವನು ಬಂದಾಗ ಸಂಜೆಯಾಗಿತ್ತು. ದವಾಖಾನೆಗೆ ಹೋಗುವ ದಾರಿಯಲ್ಲೇ ಮಗು ಕಣ್ಣು ಮುಚ್ಚಿತು. ಮಗುವಿನ ದಿನಕರ್ಮ ಮುಗಿದ ಮೇಲೆ ಮರೆವ್ವ ತವರಿಗೆ ಹೋದಳು. ಜಗಳ ಆಡಲಿಲ್ಲ, ಬೈಯಲೂ ಇಲ್ಲ. ಕರೆಯಲು ಯಾವ ಮೋರೆ ಹೊತ್ತು ಹೋಗಲಿ ಎಂದು ಶಂಕ್ರೆಪ್ಪನೂ ಹೋಗಲಿಲ್ಲ. ಹೀಗೆ ವರ್ಷದ ಮೇಲೆ ವರ್ಷ ಬಿದ್ದವು.

ಆ ಗಿಡವನ್ನು ಬೇರೆ ಕಡೆ ಹುಡುಕಿದ. ಇಂಡಿ ಊರಿನ ಲಿಂಬೆ ತೋಟಗಳಲ್ಲಿ ಕೇಳಿದ, ಮುದ್ದೇಬಿಹಾಳದಲ್ಲಿ ಪರಿಚಯದವರ ಹಿತ್ತಿಲು ನೋಡಿದ. ಎಲ್ಲೂ ಸಿಗಲಿಲ್ಲ. ಸಿಗದಿರಲಿ ಎಂಬ ಆಸೆಯೂ ಒಳಗೆಲ್ಲೋ ಇತ್ತೇನೋ. ಮುಂಗಾರಿನ ಮೊದಲ ಮಳೆ ಬಿದ್ದ ನಾಲ್ಕನೆಯ ದಿನ ಒಗೆದ ಅಂಗಿ ಹಾಕಿಕೊಂಡು ಮಸೂತಿಯ ಬಸ್ಸು ಹತ್ತಿದ.

ಮರೆವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂದಲು ಅರ್ಧ ನರೆತಿತ್ತು. ಎದ್ದು ಒಂದು ತಂಬಿಗೆ ನೀರು ಕೊಟ್ಟು, ಕಂಬದ ಪಕ್ಕ ನಿಂತಳು. ಅಣ್ಣ, ಅತ್ತಿಗೆ ಹೊಲಕ್ಕೆ ಹೋಗಿದ್ದರು. ನೀರು ಕುಡಿದಾದ ಮೇಲೆ ಏನು ಹೇಳಬೇಕೋ ತಿಳಿಯದೆ ಅವನು ಬಂದ ಕಾರಣವನ್ನೇ ಹೇಳಿದ.

"ಬಚ್ಚಲ ಹಿಂದ ಬಿಳಿ ಹೂವಿನ ಗಡ್ಡಿ ಇದ್ದುವಲ್ಲ. ಒಂದೆರಡು ಬೇಕಾಗಿದ್ದುವು."

ಮರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹನ್ನೊಂದು ವರ್ಷದ ಮ್ಯಾಲ ಗಡ್ಡಿ ಕೇಳಾಕ ಬಂದೀರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕಳೆ ಕೀಳುವ ಕುರ್ಪಿ ತೆಗೆದುಕೊಂಡು ಹಿಂದೆ ನಡೆದಳು, ಅವನೂ ಹೋದ. ಅವಳು ಕೂತು ಗಡ್ಡೆಯ ಸುತ್ತ ಹಸಿ ಮಣ್ಣು ಬಿಡಿಸತೊಡಗಿದಳು. ಅವಳ ಬೆನ್ನು ತನ್ನ ಕಡೆ ಇದ್ದದ್ದರಿಂದಲೋ ಏನೋ, ಶಂಕ್ರೆಪ್ಪನಿಗೆ ಮಾತು ಬಂತು.

"ಅವತ್ತ ನಾ ಬರಬೇಕಾಗಿತ್ತು ಮರೆವ್ವ. ಬರಲಿಲ್ಲ. ತಪ್ಪು ನಂದ."

ಅವಳ ಕೈ ನಿಂತಿತು. ಆಮೇಲೆ ಮತ್ತೆ ಮಣ್ಣು ಕೆದರಿದಳು. ಆರು ಗಡ್ಡೆ ಕಿತ್ತು, ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿ ಅವನ ಕೈಗಿಟ್ಟಳು.

"ಆಳಕ್ಕ ಹುಗೀಬ್ಯಾಡ್ರಿ, ಗಡ್ಡಿ ಕುತ್ತಿಗಿ ಮಣ್ಣಿನ ಮ್ಯಾಲ ಇರ್ಲಿ. ಮೊದಲನೇ ವರ್ಷ ಹೂವಿನ ಆಸೆ ಇಟ್ಕೋಬ್ಯಾಡ್ರಿ," ಎಂದಳು.

ಚಹಾ ಮಾಡಿಕೊಟ್ಟಳು. ಅದನ್ನು ಕುಡಿದು ಅವನು ಬಸ್ಸಿಗೆ ನಡೆದ. ಅವಳು ಬಾಗಿಲಿಗೆ ಬಂದು ನಿಂತಿರಬಹುದೆಂದು ಓಣಿಯ ತಿರುವಿನಲ್ಲಿ ತಿರುಗಿ ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಗಡ್ಡೆಗಳನ್ನು ಬಡಗಣ ಗೋಡೆಯ ಬುಡಕ್ಕೆ ಹಚ್ಚಿದ. ಅವಳು ಹೇಳಿದಂತೆಯೇ ಆ ವರ್ಷ ಬರೀ ಎಲೆ. ಆದರೆ ಒಂದೂ ಸಾಯಲಿಲ್ಲ. ವರ್ಷದ ಗಡುವಿಗೆ ಅನಿಲಕುಮಾರ ಬಂದು, ದೊಡ್ಡಪತ್ರೆಯ ಹಾಸು, ಬೇವಿನ ಕೆಳಗಿನ ನೇರಳೆ ಎಲೆಗಳನ್ನೆಲ್ಲ ನೋಡಿ, ಮರದಡಿ ಕುರ್ಚಿ ಹಾಕಿಸಿಕೊಂಡು ಫೈಲು ನೋಡಿದರು. ಲಾನಿನ ಮಾತು ಎತ್ತಲಿಲ್ಲ. ಎರಡು ತಿಂಗಳಿಗೆ ಅವರಿಗೆ ಬೇರೆ ಕಡೆ ವರ್ಗವಾಯಿತು. ಮರಗಳು ಉಳಿದವು. ಶಂಕ್ರೆಪ್ಪನಿಗೆ ಸಂತೋಷವಾಯಿತು. ಹೇಳಿಕೊಳ್ಳೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ.

ಈ ವರ್ಷ ಆಷಾಢದಲ್ಲಿ ಬಿಳಿ ಹೂವು ಬಿಟ್ಟಿತು. ಆ ದಿನಗಳಲ್ಲೇ ಒಂದು ಮಧ್ಯಾಹ್ನ ಗೇಟಿನ ಸಪ್ಪಳವಾಗಿ ನೋಡಿದರೆ ಮರೆವ್ವ. ಕಣ್ಣು ತೋರಿಸಲು ಬಾಗೇವಾಡಿಯ ದವಾಖಾನೆಗೆ ಬಂದಿದ್ದಳಂತೆ. ಅಂಗಳವನ್ನೆಲ್ಲ ನಿಧಾನ ತಿರುಗಿದಳು. ಬಡಗಣ ಗೋಡೆಯ ಹತ್ತಿರ ತುಸು ಹೊತ್ತು ನಿಂತಳು. ಎಡೆಬಿಟ್ಟು ಹಚ್ಚಿದ್ದು ಒಳ್ಳೆಯದಾಯಿತು ಎಂದಳು. ಖೋಲಿಯ ಬಾಗಿಲವರೆಗೆ ಬಂದು, ಒಳಗೆ ಕಾಲಿಡದೆ ಕಟ್ಟೆಯ ಮೇಲೆ ಕೂತಳು. ಶಂಕ್ರೆಪ್ಪ ತಾನು ಬಡಿದ ರೊಟ್ಟಿ, ಹೆಸರುಕಾಳಿನ ಪಲ್ಯ ಕೊಟ್ಟ. ಇಬ್ಬರೂ ಅಲ್ಲೇ ಕೂತು ಉಂಡರು. ಸಾಕ್ಷಿ ಇದ್ದಿದ್ದರೆ ಈಗ ಕಾಲೇಜಿಗೆ ಹೋಗುತ್ತಿದ್ದಳು ಎಂದು ಮರೆವ್ವ ಅಂದಳು. ಹದಿನೇಳು ತುಂಬುತ್ತಿತ್ತು ಎಂದು ಅವನಂದ. ಆ ಹೆಸರನ್ನು ಇಬ್ಬರೂ ಜೊತೆಯಲ್ಲಿ ಆಡಿದ್ದು ಅದೇ ಮೊದಲು.

"ಇವತ್ತ ಇಲ್ಲೇ ಇರು," ಎಂದ ಶಂಕ್ರೆಪ್ಪ.

"ಇಲ್ರಿ. ಅಲ್ಲೇ ರೂಢಿ ಆಗೇತಿ ನನಗ," ಎಂದಳು. ಸ್ವಲ್ಪ ತಡೆದು, "ನಿಮಗೂ ಇಲ್ಲಿ ಹಂಗ ಆಗಿರಬೇಕು," ಎಂದಳು.

ಅವನು ಉಂಡ ತಾಟುಗಳನ್ನು ತೊಳೆದಿಟ್ಟ. ನಾಲ್ಕು ಗಂಟೆಯ ಬಸ್ಸಿಗೆ ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ನಡೆದ. ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಸೆರಗು ತಲೆಯ ಮೇಲೆ ಎಳೆದುಕೊಂಡು, ಒಮ್ಮೆ ಅವನ ಕಡೆ ನೋಡಿ, ಹೋಗಿಬರುತ್ತೇನೆಂಬಂತೆ ತಲೆ ಆಡಿಸಿದಳು. ಬಸ್ಸು ಹೋದ ಮೇಲೂ ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಆಮೇಲೆ ಎದುರಿನ ಅಂಗಡಿಯಲ್ಲಿ ಅರ್ಧ ಕಪ್ ಚಹಾ ಕುಡಿದು, ಹೊತ್ತು ಮುಳುಗುವುದರೊಳಗೆ ನೀರು ಬಿಡಬೇಕೆಂದು ಬಂಗಲೆಯ ದಾರಿ ಹಿಡಿದ.