ಬೀರುವಿನ ಬಾಗಿಲನ್ನು ತಳ್ಳಿದವಳು

ಹೇಮಾ, ಆ ಬೀರುವಿನ ಬಾಗಿಲು ತಾನಾಗಿ ಬಡಿಯಲಿಲ್ಲ. ನಾನು ತಳ್ಳಿದೆ. ಒಂದು ಸಲ ಅಲ್ಲ — ಎರಡು ಸಲ. ಮೊದಲನೆಯ ಸಲ ನಿನ್ನ ಬೆರಳುಗಳು ಅಲ್ಲಿದ್ದದ್ದು ನನಗೆ ಕಾಣಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜ ಇರಬಹುದು, ಇಲ್ಲದೆಯೂ ಇರಬಹುದು. ಎರಡನೆಯ ಸಲ ಕಂಡಿತ್ತು. ನೀನು "ಅಮ್ಮಾ" ಎಂದು ಕಿರುಚಿದ ಮೇಲೆ, ನಿನ್ನ ಬಲಗೈ ಎರಡು ಬಾಗಿಲುಗಳ ನಡುವೆ ಸಿಕ್ಕಿರುವುದನ್ನು ನೋಡಿದ ಮೇಲೆ, ಭುಜ ಕೊಟ್ಟು ತಳ್ಳಿದೆ. ಹಸಿ ನುಗ್ಗೆಕಾಯಿ ಮುರಿದ ಹಾಗೆ ಸದ್ದು ಬಂತು.

ಈ ಕಾಗದವನ್ನು ನಿನ್ನ ಅಣ್ಣ ರಘುವೂ ಓದಬೇಕು, ಆಗ ನಮ್ಮ ಕಚೇರಿಯ ಅಟೆಂಡರ್ ಆಗಿದ್ದ ಏಳುಮಲೈಗೂ ಯಾರಾದರೂ ಓದಿ ಹೇಳಬೇಕು. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ. ನನಗೆ ಹೇಗೂ ಬಿಡಿಸಿ ಬರೆಯುವುದೇ ಅಭ್ಯಾಸ. ಮದುವೆಯಾದಾಗಿನಿಂದ ದಿನಚರಿ ಬರೆಯುತ್ತ ಬಂದವಳು — ಹಾಲು ಎಷ್ಟು ಹೊತ್ತಿಗೆ ಬಂತು, ಗಾಡಿ ಎಷ್ಟು ತಡ, ಮಧ್ಯಾಹ್ನದ ಡಬ್ಬಿಗೆ ಏನು ಕಟ್ಟಿದೆ, ಎಲ್ಲ. ಆ ದಿನದ ಪುಟ ಇವತ್ತು ತೆಗೆದು ನೋಡಿದೆ. "ಕೊತ್ತಂಬರಿ ಸಿಗಲಿಲ್ಲ. ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು, ಹೇಮಾ ಹಿಡಿದಿಟ್ಟಿದ್ದಳು. ಹೇಮಾಳ ಕೈಗೆ ಪೆಟ್ಟು." ಅಷ್ಟೇ ಇದೆ. ಇಪ್ಪತ್ತೈದು ವರ್ಷದ ದಿನಚರಿಯಲ್ಲಿ ಅಷ್ಟು ಚಿಕ್ಕ ಪುಟ ಇನ್ನೊಂದಿಲ್ಲ.

ಚೆನ್ನೈನ ತಾಂಬರಂನಲ್ಲಿ ನಾವಿಬ್ಬರೂ ಒಂದೇ ರೈಲುಗಾಡಿ ಹತ್ತುತ್ತಿದ್ದೆವು. ನಿಮ್ಮ ಅಪ್ಪ ಕೋಲಾರದ ಕಡೆಯವರು, ರೈಲ್ವೆಯಲ್ಲಿದ್ದವರು. ನನ್ನ ತವರು ತಿರುವಲ್ಲಿಕ್ಕೇಣಿಯಲ್ಲಿ ಮೂರು ತಲೆಮಾರಿನ ಮಾಧ್ವರ ಮನೆ. ನಿನ್ನ ಕನ್ನಡದಲ್ಲಿ ಅರ್ಧ ತಮಿಳು, ನನ್ನದರಲ್ಲಿ ಕಾಲು. ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಪಕ್ಕ ನನಗಾಗಿ ನೀನು ನಿನ್ನ ಚೀಲ ಇಟ್ಟು ಜಾಗ ಕಾಯುತ್ತಿದ್ದೆ. ಯಾರಾದರೂ ಜಗಳಕ್ಕೆ ಬಂದರೆ, "ನಮ್ಮಕ್ಕಂಗೆ ಮೊಣಕಾಲು ನೋವು, ಪಾವಂ" — ಪಾಪ — ಎನ್ನುತ್ತಿದ್ದೆ. ನನಗೆ ಆಗ ಮೊಣಕಾಲು ನೋವು ಇರಲಿಲ್ಲ.

ನಮ್ಮ ಕೆಲಸ ಏನೆಂದು ನಮ್ಮ ಮನೆಯವರಿಗೇ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕಾಲೇಜಿನ ಹಣಕಾಸು ಕಚೇರಿ ಎಂದರೆ ಸಂಬಳ ಹಂಚುವವರು ಎಂದುಕೊಳ್ಳುತ್ತಾರೆ. ನಮ್ಮದು ಮ್ಯಾನೇಜ್‌ಮೆಂಟ್ ಅಕೌಂಟ್ಸ್ — ಯಾವ ಕೋರ್ಸಿಗೆ ನಿಜವಾಗಿ ಎಷ್ಟು ಕೋಣೆ, ಎಷ್ಟು ಮೇಷ್ಟರು, ಎಷ್ಟು ಗಂಟೆ ಬೇಕು, ಯಾವುದನ್ನು ಬೆಳೆಸಬಹುದು, ಯಾವುದು ಹೆಸರಿಗೆ ಮಾತ್ರ ಉಸಿರಾಡುತ್ತಿದೆ ಎಂದು ಮೇಲಿನವರಿಗೆ ಮುಂಚೆಯೇ ಹೇಳುವುದು. ನಿನಗೆ ಅದನ್ನು ಕಲಿಸಿದವಳು ನಾನು. ಪ್ರತಿ ಬುಧವಾರ ಗಂಟೆಗೊಮ್ಮೆ ಎಲ್ಲ ಮಹಡಿಗಳಲ್ಲಿ ನಡೆದು, ಯಾವ ಕೋಣೆ ಖಾಲಿ, ಯಾವುದರಲ್ಲಿ ಆರು ಜನ, ಯಾವುದರಲ್ಲಿ ಅರವತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು ನಾನೇ ಕಂಡುಕೊಂಡ ದಾರಿ. ಟೈಮ್‌ಟೇಬಲ್ ಸುಳ್ಳು ಹೇಳುತ್ತದೆ, ಕಾಲು ಸುಳ್ಳು ಹೇಳುವುದಿಲ್ಲ ಎಂದು ನಿನಗೆ ಹೇಳಿದ್ದೆ. ನೀನು ನಗುತ್ತಾ ನನ್ನ ಹಿಂದೆ ಮೆಟ್ಟಿಲು ಹತ್ತಿದ್ದೆ.

ಆ ವರ್ಷ ತರಬೇತಿಯ ಸುತ್ತೋಲೆ ಬಂತು. ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ನಮ್ಮ ಕೆಲಸ ಮಾಡುವವರಿಗೆಂದೇ ಇಟ್ಟ ತರಬೇತಿ. ಮೊದಲ ಎರಡು ವಾರ ಅಲ್ಲೇ ಉಳಿದು ಕಲಿಯುವುದು, ಆಮೇಲೆ ಆರು ತಿಂಗಳು ಶನಿವಾರಗಳು, ಕೊನೆಗೆ ಕೈಯಲ್ಲಿ ಬರೆಯುವ ಪರೀಕ್ಷೆ. ಒಂದು ಕಾಲೇಜಿಗೆ ಒಂದೇ ಜಾಗ. ಮುಗಿಸಿ ಬಂದವರು ವಿಭಾಗದ ಎರಡನೆಯವರಾಗುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ನಾನು ಹದಿನಾಲ್ಕು ವರ್ಷ ಅಂಥದೊಂದಕ್ಕೆ ಕಾದಿದ್ದೆ.

ನಾವಿಬ್ಬರೂ ಅರ್ಜಿ ಹಾಕಿದೆವು. ಆಯ್ಕೆಗೆ ಒಬ್ಬೊಬ್ಬರೂ ಒಂದೊಂದು ವಿಭಾಗದ ಅಧ್ಯಯನ ತೋರಿಸಬೇಕಿತ್ತು. ನೀನು ತೋರಿಸಿದ್ದು ನನ್ನ ಬುಧವಾರಗಳನ್ನು. ಕದ್ದೆ ಎನ್ನಲಾರೆ — ಎದ್ದು ನಿಂತು ಮೊದಲ ಮಾತೇ, "ಇದು ಪದ್ಮಕ್ಕ ಕಲಿಸಿಕೊಟ್ಟಿದ್ದು" ಎಂದೆ. ನೀನು ಕದ್ದಿದ್ದರೆ ನಾನು ಇಷ್ಟು... ನನ್ನ ಹೆಸರು ಹೇಳಿದ್ದೇ ನನಗೆ ಉರಿಯಿತು. ಫೈನಾನ್ಸ್ ಆಫೀಸರ್ ನನ್ನ ಕಡೆ ತಿರುಗಿ ತಮಿಳಿನಲ್ಲಿ ಹೇಳಿದರು: "ಮಾಮಿ, ನಿಮಗೆ ಈ ವಯಸ್ಸಿನಲ್ಲಿ ಹಾಸ್ಟೆಲ್ ಊಟ ಯಾಕೆ? ಹುಡುಗಿ ಹೋಗಿ ಬರಲಿ. ಗುರುಗಳಿಗೆ ಬಂದು ಪಾಠ ಹೇಳ್ತಾಳೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ನನಗೆ ನಲವತ್ತೈದು.

ಅರ್ಧ ಗಂಟೆಯ ನಂತರ ನಾವಿಬ್ಬರೇ ರೆಕಾರ್ಡ್ ರೂಮಿನಲ್ಲಿದ್ದೆವು. ತರಬೇತಿಗೆ ತೆಗೆದುಕೊಂಡು ಹೋಗಲು ನನ್ನ ಹಳೆಯ ನೋಟ್‌ಬುಕ್ಕುಗಳು ಬೇಕೆಂದು ನೀನು ಕೇಳಿದ್ದೆ. ಬೀರುವಿನ ಒಂದು ಬಾಗಿಲು ಮುಚ್ಚಿತ್ತು, ಇನ್ನೊಂದನ್ನು ನಾನು ಹಿಡಿದಿದ್ದೆ. ನೀನು ಕೆಳಗಿನ ಅರೆಗೆ ಬಗ್ಗಿ, ಮುಚ್ಚಿದ ಬಾಗಿಲಿನ ಅಂಚನ್ನು ಬಲಗೈಯಿಂದ ಹಿಡಿದುಕೊಂಡಿದ್ದೆ. ಬಗ್ಗಿದಲ್ಲಿಂದಲೇ, ಮುಖ ಎತ್ತದೆ ಹೇಳಿದೆ: "ಕವಲೈ ಪಡಬೇಡಿ ಅಕ್ಕಾ. ನಾನ್ ಹೋಗ್ಬಿಟ್ಟು ಬಂದು ನಿಮ್ಗೆ ಎಲ್ಲಾ ಹೇಳ್ಕೊಡ್ತೀನಿ."

ಚಿಂತೆ ಮಾಡಬೇಡಿ ಎನ್ನುವ ಪ್ರೀತಿಯ ಮಾತು ಅದು. ಅದು ಆಗಲೂ ನನಗೆ ಗೊತ್ತಿತ್ತು.

ತಳ್ಳಿದೆ. ನೀನು ಕಿರುಚಿದೆ. ಬಾಗಿಲು ಬೆರಳಿಗೆ ಬಡಿದು ಅರ್ಧ ಇಂಚು ಹಿಂದೆ ಬಂತು, ಆ ಸಂದಿಯಲ್ಲಿ ನಿನ್ನ ಉಗುರುಗಳು ಬೆಳ್ಳಗಾಗಿದ್ದವು. ಅದನ್ನು ನೋಡಿದಾಗ ನನ್ನೊಳಗೆ — ಇದನ್ನು ಹೇಗೆ ಬರೆಯಲಿ — ಒಂದು ಸಂತೋಷ ಎದ್ದಿತು. ಕೋಪ ಅಲ್ಲ. ಕಾಲು ಊರಿ ನಿಂತು, ಭುಜ ಇಟ್ಟು, ಇಡೀ ಮೈಯ ಭಾರ ಹಾಕಿದೆ. ಆ ಸದ್ದು ಬರುವವರೆಗೆ ಬಿಡಲಿಲ್ಲ. ನೀನು ಎರಡನೆಯ ಸಲ ಕಿರುಚಲೂ ಇಲ್ಲ, ಬಾಯಿ ತೆರೆದು ಹಾಗೇ ಕುಸಿದೆ. ಕೈ ಮಾತ್ರ ಬಾಗಿಲಲ್ಲಿ ಮೇಲೆ ನೇತಾಡುತ್ತಿತ್ತು. ನನ್ನ ನೋಟ್‌ಬುಕ್ಕುಗಳ ಮೇಲೆ ರಕ್ತ ಸುರಿಯಿತು. ನಾನು ಮೊದಲು ಮಾಡಿದ ಕೆಲಸ ಯಾವುದು ಗೊತ್ತೆ? ನೋಟ್‌ಬುಕ್ಕುಗಳನ್ನು ಪಕ್ಕಕ್ಕೆ ಸರಿಸಿದೆ. ಆಮೇಲೆ ಬಾಗಿಲು ತೆರೆದೆ.

ನಿನಗೆ ನೆನಪಿರುವುದು ಅದರ ನಂತರದ್ದು. ಸೆರಗು ಹರಿದು ಕಟ್ಟಿದ್ದು, ಆಟೋದಲ್ಲಿ ನಿನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡದ್ದು, ಆಸ್ಪತ್ರೆಯಲ್ಲಿ ರಾಯರ ಹೆಸರು ಹೇಳುತ್ತ ಕೂತದ್ದು. ತೋರುಬೆರಳನ್ನು ಮೊದಲ ಗೆಣ್ಣಿನವರೆಗೆ ತೆಗೆದರು. ನಡುಬೆರಳು ಇವತ್ತಿಗೂ ಮಡಚುವುದಿಲ್ಲ. ನೀನು ನೋವಿನ ಮದ್ದಿನ ಮಂಪರಿನಲ್ಲಿ, "ಅಕ್ಕ ಇದ್ದಾರಲ್ಲ, ಅದು ಪೋದುಂ" ಎಂದೆ. ಅಕ್ಕ ಇದ್ದಾಳೆ, ಅಷ್ಟು ಸಾಕು ಎಂದು.

ಹೇಗಾಯಿತು ಎಂದು ಡಾಕ್ಟರ್ ಕೇಳಿದಾಗ ಬಾಗಿಲಿನ ಕೀಲು ಸಡಿಲ ಇತ್ತು ಎಂದೆ. ಆಫೀಸರ್ ಕೇಳಿದಾಗ ಇನ್ನೊಂದು ಮಾತು ಸೇರಿಸಿದೆ: "ರಿಪೇರಿ ಮಾಡಿಸು ಅಂತ ಅಟೆಂಡರ್ ಏಳುಮಲೈಗೆ ಹೇಳಿ ಎರಡು ವಾರ ಆಯ್ತು ಸಾರ್." ಹೇಳಿರಲಿಲ್ಲ. ಕೀಲು ಸಡಿಲವೂ ಇರಲಿಲ್ಲ. ಏಳುಮಲೈ ಆ ಬೀರುವಿಗೆ ತಿಂಗಳಿಗೊಮ್ಮೆ ಎಣ್ಣೆ ಹಾಕುತ್ತಿದ್ದ. ಎಷ್ಟು ಚೆನ್ನಾಗಿ ಹಾಕುತ್ತಿದ್ದನೆಂದರೆ, ನಾನು ಒಂದು ಸಲ ತಳ್ಳಿದ್ದಕ್ಕೆ ಅದು ಅಷ್ಟು ವೇಗವಾಗಿ ಬಂತು.

ರಘು, ಇದು ನಿಮಗೆ. ಮೂರನೆಯ ದಿನ ಬೆಳಿಗ್ಗೆ ನೀವು ಕಚೇರಿಗೆ ಬಂದಿರಿ. ಏಳುಮಲೈ ಕಾರಿಡಾರಿನಲ್ಲಿ ನೀರಿನ ಕ್ಯಾನ್ ಹೊತ್ತು ಬರುತ್ತಿದ್ದ. ನೀವು ಅವನ ಕಾಲರ್ ಹಿಡಿದು ಗೋಡೆಗೆ ಹೊಡೆದಿರಿ. ಕ್ಯಾನ್ ಒಡೆದು ನೀರು ಮೆಟ್ಟಿಲಿಳಿದು ಹೋಯಿತು. ಕಪಾಳಕ್ಕೆ, ಕಿವಿಗೆ, ಬಾಯಿಗೆ — ನಿಮ್ಮ ತಂಗಿಯ ಒಂದೊಂದು ಬೆರಳಿಗೆ ಎಂದು ಎಣಿಸಿ ಹೊಡೆದಿರಿ. ಐವತ್ತು ದಾಟಿದವನು, ಕೈ ಎತ್ತಲಿಲ್ಲ. ನೀರಿನಲ್ಲಿ ಬಿದ್ದವನ ಪಕ್ಕೆಗೆ ಒದ್ದಿರಿ. ಅವನು ಬಾಯಿಂದ ಒಂದು ಹಲ್ಲನ್ನು ಅಂಗೈಗೆ ಉಗುಳಿಕೊಂಡು ನನ್ನ ಕಡೆ ನೋಡಿದ. "ನೀಂಗ ಸೊಲ್ಲುಂಗಮ್ಮಾ" ಎಂದ. ನೀವು ಹೇಳಿ ಅಮ್ಮಾ, ಎಂದು.

ನಾನು ಹೇಳಿದ್ದು: "ಬಿಡಿ ರಘು, ಸಾಕು."

ಸಾಕು ಎಂದರೆ ತಪ್ಪು ಅವನದೇ, ಶಿಕ್ಷೆ ಆಯಿತು ಎಂದು. ಅಲ್ಲಿದ್ದವರಿಗೆಲ್ಲ ಹಾಗೆಯೇ ಕೇಳಿಸಿತು. ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ವಾರದೊಳಗೆ ಅವನನ್ನು ಕೆಲಸದಿಂದ ತೆಗೆದರು.

ಹೇಮಾ, ನಿನ್ನ ಕೈ ಬ್ಯಾಂಡೇಜಿನಲ್ಲಿದ್ದಾಗ ತರಬೇತಿಗೆ ನಾನು ಹೋದೆ. ಬೇಡ ಎನ್ನಲಿಲ್ಲ. ಹಾಸ್ಟೆಲ್ ಊಟ ಚೆನ್ನಾಗಿಯೇ ಇತ್ತು. ಪರೀಕ್ಷೆ ಪಾಸು ಮಾಡಿದೆ, ವಿಭಾಗದ ಎರಡನೆಯವಳಾದೆ, ಈಗ ನಾಲ್ಕು ವರ್ಷದಿಂದ ಅದೇ ತರಬೇತಿಯಲ್ಲಿ ಪಾಠ ಹೇಳುತ್ತೇನೆ. ಅಲ್ಲಿ ನನ್ನದೊಂದು ಅಭ್ಯಾಸಪಾಠ ಇದೆ. ನಿಮ್ಮ ಕೋರ್ಸಿಗೆ ಮಕ್ಕಳು ಬರುತ್ತಿಲ್ಲ ಎಂಬ ಸುದ್ದಿ ತಂದ ಅಕೌಂಟೆಂಟಿನ ಮೇಲೆ ವಿಭಾಗದ ಮುಖ್ಯಸ್ಥ ಎಗರಿ ಬೀಳುತ್ತಾನೆ. ಅಕೌಂಟೆಂಟ್ ಹೆದರದೆ, ದನಿ ಏರಿಸದೆ ಮಾತಾಡಬೇಕು. ಮುಖ್ಯಸ್ಥನ ಪಾತ್ರ ಯಾವಾಗಲೂ ನನ್ನದು. ಮೇಜು ಗುದ್ದುತ್ತೇನೆ, ಫೈಲು ಎಸೆಯುತ್ತೇನೆ. ಕಳೆದ ವರ್ಷ ಒಬ್ಬ ಹುಡುಗಿ ಅತ್ತುಬಿಟ್ಟಳು. "ಮೇಡಂ, ನೀವು ನಿಜವಾಗ್ಲೂ ಹೊಡೀತೀರಿ ಅಂದ್ಕೊಂಡೆ" ಎಂದಳು. ಉಳಿದವರು ಚಪ್ಪಾಳೆ ತಟ್ಟಿದರು. ಎಷ್ಟು ಚೆನ್ನಾಗಿ ನಟಿಸುತ್ತಾರೆ ಎಂದರು. ನಾನು ಬಾತ್‌ರೂಮಿಗೆ ಹೋಗಿ ನನ್ನ ಭುಜವನ್ನು ಹಿಡಿದುಕೊಂಡು ನಿಂತೆ.

ಹೋದ ಭಾನುವಾರ ನೀನು ನಮ್ಮ ಮನೆಗೆ ಬಂದೆ. ಕೊನೆಗೂ ಈ ವರ್ಷ ಆ ತರಬೇತಿಯ ಜಾಗ ನಿನಗೆ ಸಿಕ್ಕಿತ್ತು. ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು ಕುಡಿದೆ. ಕೊನೆಯ ಪರೀಕ್ಷೆಯಲ್ಲಿ ಬರೆಯಲು ಹೆಚ್ಚು ಹೊತ್ತು ಬೇಕು ಎಂದು ಅರ್ಜಿ ಹಾಕಿದ್ದೀಯ. ಗಾಯ ಹೇಗಾಯಿತು ಎಂದು ಕಣ್ಣಾರೆ ಕಂಡವರ ಒಂದು ಪತ್ರ ಕೇಳಿದ್ದಾರೆ.

"ನೀವೊಬ್ರೇ ತಾನೇ ಅಕ್ಕಾ ಇದ್ದಿದ್ದು," ಎಂದೆ. "ಚಿಕ್ಕದಾಗಿ ಬರ್ಕೊಟ್ರೆ ಸಾಕು. ಬಾಗ್ಲು ಬಡೀತು ಅಂತ."

"ಇವತ್ತೇ ಬೇಕಾ?"

"ಇಲ್ಲ ಅಕ್ಕಾ, ಮುಂದಿನ ಭಾನುವಾರ ಬರ್ತೀನಿ. ಅಷ್ಟ್ರಲ್ಲಿ ಬರೆದಿಡಿ. ನಿಮ್ದು ಮುತ್ತಿನಂಥಾ ಅಕ್ಷರ, ನನ್ದು ನೋಡಿ, ಕೋಳಿ ಕೆರೆದಂಗೆ." ನಿನ್ನ ಅಕ್ಷರ ನೋಡಿ ನೀನೇ ನಕ್ಕೆ.

ಸೋಮವಾರ ಆ ಪತ್ರ ಬರೆದೆ. ಮೂರೇ ಸಾಲು, ಹಳೆಯ ಸುಳ್ಳು, ಒಂದು ಅಕ್ಷರ ತಪ್ಪಿಲ್ಲದೆ. ಸಹಿಯನ್ನೂ ಹಾಕಿದೆ. ಅದರಿಂದ ನಿನಗೆ ಒಳ್ಳೆಯದೇ ಆಗುತ್ತದೆ ಎಂದು ನನಗೆ ಹೇಳಿಕೊಂಡೆ. ಮಂಗಳವಾರ ಬೆಳಗಿನ ಜಾವ ಎದ್ದು ಕಾಸಿಮೇಡಿನ ಮೀನು ಬಂದರಿಗೆ ಹೋದೆ. ಏಳುಮಲೈ ಅಲ್ಲಿ ಐಸ್ ಪೆಟ್ಟಿಗೆ ಹೊರುತ್ತಾನೆ ಎಂದು ಕಚೇರಿಯಲ್ಲಿ ಯಾರೋ ಎಂದೋ ಹೇಳಿದ್ದರು. ಮೀನಿನ ಹರಾಜಿನ ಗದ್ದಲದಲ್ಲಿ ಅವನನ್ನು ಹುಡುಕಿ, ಕೂಗಿ ಹೇಳಬೇಕಾಯಿತು. ಎಡಗಿವಿ ಕೇಳುವುದಿಲ್ಲ. ಆ ದಿನದಿಂದಲೇ. ನಾನು ಮಾಡಿದ್ದನ್ನು ಅಷ್ಟು ಜನರ ನಡುವೆ ಕೂಗಿ ಹೇಳಿದೆ. ಮೀನು ಕೊಯ್ಯುತ್ತಿದ್ದ ಒಬ್ಬ ಹೆಂಗಸು ಕತ್ತಿ ನಿಲ್ಲಿಸಿ ನನ್ನನ್ನೇ ನೋಡಿದಳು.

ಕ್ಷಮಿಸು ಎಂದು ಕೇಳಲು ಬಾಯಿ ತೆರೆದೆ. ಅವನು ಐಸ್ ಕೊಕ್ಕೆಯನ್ನು ನನ್ನ ಕಾಲ ಹತ್ತಿರ ನೆಲಕ್ಕೆ ಬಡಿದ. ಐಸಿನ ಚೂರು ನನ್ನ ಸೀರೆಗೆ ಹಾರಿತು.

"ಇಂಗ ಏನಕ್ಕಮ್ಮಾ ಬಂದೀರಿ?" ನಮ್ಮ ಕಚೇರಿಯಲ್ಲಿ ಕಲಿತ ಅರೆಬರೆ ಕನ್ನಡದಲ್ಲಿ ಹೇಳಿದ. "ನನ್ನ ಹೊಡೆದವನಿಗೆ ಹೋಗಿ ಸೊಲ್ಲಿ. ಆ ಪೊಣ್ಣಿಗೆ ಸೊಲ್ಲಿ. ನನಗೆ ಹೇಳಿ ಏನು? ನಾನು ಮಾಡಿಲ್ಲ ಅಂತ ನನಗೆ ತೆರಿಯಾದಾ?" ಆ ಹುಡುಗಿಗೆ ಹೇಳಿ, ತಾನು ಮಾಡಿಲ್ಲವೆಂದು ತನಗೆ ಗೊತ್ತಿಲ್ಲವೇ, ಎಂದು.

ಪೆಟ್ಟಿಗೆ ಹೊತ್ತು ಹೋಗಿಬಿಟ್ಟ. ತಿರುಗಿ ನೋಡಲಿಲ್ಲ.

ಮನೆಗೆ ಬಂದು ಆ ಮೂರು ಸಾಲಿನ ಪತ್ರ ಹರಿದೆ. ಅದರ ಬದಲು ಬೇರೊಂದು ಬರೆದಿದ್ದೇನೆ, ಇದರ ಜೊತೆ ಇಟ್ಟಿದ್ದೇನೆ. ಬಾಗಿಲನ್ನು ನಾನು ಬೇಕೆಂದು ತಳ್ಳಿದೆ ಎಂದಿದೆ ಅದರಲ್ಲಿ. ಸಹಿ, ವಿಳಾಸ ಎಲ್ಲ ಇದೆ. ನಿನಗೆ ಪರೀಕ್ಷೆಯಲ್ಲಿ ಹೆಚ್ಚಿನ ಹೊತ್ತು ಸಿಗಲು ಅದು ಸಾಲುತ್ತದೆ. ಪೊಲೀಸ್ ಸ್ಟೇಷನ್ನಿಗೆ ಕೊಡುತ್ತೇನೆಂದರೂ ಸಾಲುತ್ತದೆ, ನಾನೇ ಜೊತೆಗೆ ಬರುತ್ತೇನೆ. ಪಾಠ ಹೇಳುವುದನ್ನು ಬಿಟ್ಟಿದ್ದೇನೆ — ನಿನ್ನೆ ಬರೆದು ಕಳಿಸಿದೆ, ಕಾರಣವನ್ನೂ. ಏಳುಮಲೈಯನ್ನು ಯಾವ ಸುಳ್ಳಿನ ಮೇಲೆ ತೆಗೆದರು ಎಂದು ಪ್ರಿನ್ಸಿಪಾಲರಿಗೂ ಬರೆದೆ. ಇವು ಯಾವುದೂ ನಿನ್ನ ಬೆರಳಿಗೆ ಸಮ ಅಲ್ಲ. ಸಮ ಮಾಡಲೆಂದು ಮಾಡಿದ್ದೂ ಅಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ನಮ್ಮ ಮನೆಯವರಿಗೆ ಇವತ್ತು ಬೆಳಿಗ್ಗೆ ಓದಿ ಹೇಳಿದೆ. ಅವರು ತಿಂಡಿಯ ತಟ್ಟೆ ಬಿಟ್ಟು ಎದ್ದು ಹೋದರು.

ನಾಳೆ ನೀನು ಬಂದಾಗ ಇದನ್ನು ನಿನ್ನ ಕೈಗೆ ಕೊಟ್ಟು, ಎದುರಿನ ಕುರ್ಚಿಯಲ್ಲಿ ಕೂತಿರುತ್ತೇನೆ. ಒಳಗೆ ಹೋಗುವುದಿಲ್ಲ, ಕಾಫಿ ಮಾಡುತ್ತೇನೆ ಎಂದು ಏಳುವುದಿಲ್ಲ. ರಘುವನ್ನೂ ಕರೆದುಕೊಂಡು ಬಾ ಎಂದು ಇವತ್ತೇ ಫೋನ್ ಮಾಡಿ ಹೇಳುತ್ತೇನೆ. ಓದಿ ಮುಗಿಸಿದ ಮೇಲೆ ಯಾರು ಕೈ ಎತ್ತಿದರೂ ನಾನು ಮುಖ ಮುಚ್ಚಿಕೊಳ್ಳುವುದಿಲ್ಲ.