ಹಾಲಮ್ಮನಿಗೆ ಸಿಗದ ಶಾರ್ಟ್ ಟೆಂಪರ್

ಕುಪ್ಪಗಡ್ಡೆಯ ಹಾಲಮ್ಮ ಮೂವತ್ತು ವರ್ಷದಿಂದ ನಾಟಿ ಗುಂಪು ನಡೆಸುತ್ತಿದ್ದಾಳೆ. ಹನ್ನೆರಡು ಹೆಂಗಸರು, ಒಂದೇ ಸಾಲು. ಯಾರ ಗದ್ದೆ ಮೊದಲು, ಯಾರದು ಆಮೇಲೆ ಎಂದು ಅವಳು ಹೇಳಿದ ಮೇಲೆ ಊರಲ್ಲಿ ಮರುಮಾತಿಲ್ಲ. ಸಾಲಿನಲ್ಲಿ ಅವಳು ನಿಲ್ಲುವುದು ಯಾವಾಗಲೂ ಎಡತುದಿಗೆ. ಅವಳ ಎಡಗಿವಿ ಕೇಳುವುದಿಲ್ಲ, ಮಾತೆಲ್ಲ ಬಲಕ್ಕೇ ಬರಬೇಕು. ಆ ಕಿವಿ ಹೋದದ್ದು ಗಂಡನ ಏಟಿಗೆ. ಅವನು ಸತ್ತು ಹದಿನೈದು ವರ್ಷವಾಯಿತು. ಅವನು ಹೊಡೆಯುತ್ತಿದ್ದ ಕಾಲದಲ್ಲಿ ಊರವರು ಹೇಳುತ್ತಿದ್ದದ್ದು, “ಅವ್ನಿಗೆ ಮೂಗಿನ ತುದೀಲೇ ಸಿಟ್ಟು ನೋಡು.”

ಮಗಳು ಮೈತ್ರಿಗೆ ಅಂಜನಾಪುರದ ಸಂಬಂಧ ತಂದವನು ಊರಿನ ಹಿರಿಯ ಗುತ್ಯಪ್ಪ. ಹುಡುಗನ ಹೆಸರು ಯೋಗೇಶ. ಸ್ವಂತ ಟ್ರ್ಯಾಕ್ಟರ್, ನೀರಾವರಿ ಗದ್ದೆ ಎರಡು ಎಕರೆ. ಎಲ್ಲ ಹೇಳಿ ಮುಗಿಸಿ, ಎಲೆಗೆ ಸುಣ್ಣ ಹಚ್ಚುತ್ತ ಗುತ್ಯಪ್ಪ ಕೊನೆಗೆ ಸೇರಿಸಿದ:

“ಹುಡ್ಗ ಚಿನ್ನ. ಸ್ವಲ್ಪ ಶಾರ್ಟ್ ಟೆಂಪರ್, ಅಷ್ಟೇ.”

“ಹಂಗಂದ್ರೆ?”

“ಏನಿಲ್ಲ ಹಾಲಕ್ಕ. ಬೇಗ ಬರ್ತತೆ, ಬೇಗ ಹೋಗ್ತತೆ. ಈಗಿನ ಹುಡುಗ್ರಿಗೆ ಎಲ್ರಿಗೂ ಐತೆ.”

“ಬಿಪಿ ಇದ್ದಂಗಾ? ಮಾತ್ರೆ ತಗಳ್ತಾನಾ?”

ಗುತ್ಯಪ್ಪನ ಜಗಲಿಯೆಲ್ಲ ನಕ್ಕಿತು. ಹಾಲಮ್ಮನೂ ನಕ್ಕಳು. ಬಿಪಿ, ಶುಗರ್, ಗ್ಯಾಸ್ಟ್ರಿಕ್: ಇಂಗ್ಲಿಷ್ ಹೆಸರಿನ ಕಾಯಿಲೆಗಳೆಲ್ಲ ಮಾತ್ರೆಗೆ ಬಗ್ಗುವುದನ್ನು ಅವಳು ನೋಡಿದ್ದಳು. ತನ್ನ ಕಿವಿ ತಿಂದದ್ದು ಬರೀ ಸಿಟ್ಟು. ಇದು ಓದಿದವರ ಸಿಟ್ಟು, ಅಷ್ಟು ಒರಟು ಇರಲಿಕ್ಕಿಲ್ಲ ಎಂದುಕೊಂಡಳು. ಮಗಳನ್ನು ಕೊಟ್ಟಳು.

ಸೊರಬ, ಶಿಕಾರಿಪುರದ ಕಡೆ ಈಗ ಈ ಪದ ಇಲ್ಲದ ಮನೆಯಿಲ್ಲ. ಮಗುವಿನ ಕೈಗೆ ಬಾಸುಂಡೆ ಬರಿಸಿದ ಮೇಷ್ಟ್ರು ಶಾರ್ಟ್ ಟೆಂಪರ್. ಮುದುಕಿಯನ್ನು ಬಸ್ಸಿನಿಂದ ತಳ್ಳಿದ ಕಂಡಕ್ಟರ್ ಶಾರ್ಟ್ ಟೆಂಪರ್. ಹೆಣ್ಣು ನೋಡಲು ಹೋದಾಗ ಇದನ್ನು ಹುಡುಗನ ಕೊರತೆಯೆಂದು ಯಾರೂ ಹೇಳುವುದಿಲ್ಲ, ಅವನ ಕೊರಳ ಸರ ತೋರಿಸಿದ ಹಾಗೆ ತೋರಿಸುತ್ತಾರೆ. ಯೋಗೇಶನಂತೂ ಇದನ್ನೇ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿಕೊಂಡಿದ್ದ.

ಮೊದಲ ವರ್ಷ, ಫೋನ್ ಎತ್ತಲು ತಡವಾಯಿತೆಂದು ಮೈತ್ರಿಯ ತಲೆಯನ್ನು ಗೋಡೆಗೆ ಬಡಿದ. ಎರಡನೆಯ ವರ್ಷ ಟ್ರ್ಯಾಕ್ಟರಿನ ಹಳೆಯ ಫ್ಯಾನ್ ಬೆಲ್ಟ್ ತೆಗೆದುಕೊಂಡು ಬೆನ್ನಿನ ಚರ್ಮ ಏಳುವಂತೆ ಬಾರಿಸಿದ. ಎರಡು ಸಲವೂ ಅವಳು ತವರಿಗೆ ಬಂದಳು. ಎರಡು ಸಲವೂ ಗುತ್ಯಪ್ಪ ಹಿರಿಯರನ್ನು ಕೂರಿಸಿ, ಮುಚ್ಚಳಿಕೆ ಬರೆಸಿ, ವಾಪಸ್ ಕಳಿಸಿದ. ಆ ಕಾಗದಗಳನ್ನು ಬರೆದವನು, ಊರವರ ಕಾಗದಪತ್ರ ಬರೆದುಕೊಡುವ ನಾನು. “ಶಾರ್ಟ್ ಟೆಂಪರ್ ಕಾರಣದಿಂದ ಉಂಟಾದ ಮನಸ್ತಾಪ” ಎಂದು ದುಂಡಗೆ ಬರೆದೆ. ಬೆಲ್ಟ್ ಎಂದು ಬರೆಯಲಿಲ್ಲ.

ಈ ಸಲ ಅವನು ಅವಳ ಬಲಗೈಯನ್ನು ಬಾಗಿಲ ಸಂದಿಗೆ ಒತ್ತಿಹಿಡಿದು ಬಾಗಿಲು ಎಳೆದಿದ್ದ. ಎರಡು ಮೂಳೆ ಮುರಿದವು.

ಮತ್ತೆ ಅದೇ ಗುತ್ಯಪ್ಪನ ಜಗಲಿ. ಯೋಗೇಶ ಬಿಳಿ ಅಂಗಿ ಹಾಕಿಕೊಂಡು ಕೈಮುಗಿದು ನಿಂತಿದ್ದ. ಮೈತ್ರಿ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಂಬಕ್ಕೆ ಒರಗಿದ್ದಳು. ಗದ್ದೆಯಿಂದ ಹಾಗೇ ಎದ್ದುಬಂದ ನಾಟಿ ಹೆಂಗಸರು ಕೆಸರುಗಾಲಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಇವತ್ತು ರಾಜಿಯಾದರೆ ಮೈತ್ರಿ ಸಂಜೆಯ ಬಸ್ಸಿಗೆ ಹೊರಡಬೇಕು.

“ಬರ್ಕಳಿ,” ಗುತ್ಯಪ್ಪ ನನಗೆ ಹೇಳಿದ. “ಶಾರ್ಟ್ ಟೆಂಪರ್ ಕಾರಣದಿಂದ...”

“ತಪ್ಪಾತ್ರಿ ಅತ್ತಿ,” ಎಂದ ಯೋಗೇಶ. “ಸಿಟ್ಟು ಬಂತಂದ್ರ ನಾ ನಾನಾಗಿರಂಗಿಲ್ಲ. ಕೈ ತಾನೇ ಎದ್ದುಬಿಡ್ತೈತಿ.”

ಹಾಲಮ್ಮ ಎದ್ದು ಅವನ ಮುಂದೆ ನಿಂತಳು. “ತಾನೇ ಏಳ್ತತಾ?”

“ಹೂನ್ರಿ.”

ಬಾರಿಸಿದಳು. ಮೂವತ್ತು ವರ್ಷ ಕೆಸರಿನಲ್ಲಿ ಪಳಗಿದ ಕೈ. ಎರಡನೆಯ ಏಟಿಗೆ ಅವನ ತುಟಿ ಒಡೆದು ಬಿಳಿ ಅಂಗಿಯ ಮೇಲೆ ರಕ್ತ ತೊಟ್ಟಿಕ್ಕಿತು. ಮೂರನೆಯದಕ್ಕೆ ವಾಲಿದ. ಮುಗಿದ ಕೈ ಮಾತ್ರ ಬಿಚ್ಚಲಿಲ್ಲ.

“ಎಲ್ಲಿ? ಏಳ್ಲಿಲ್ಲಲ್ಲ ನಿನ್ ಕೈ?” ಅವಳಿಗೆ ಏದುಸಿರು. “ಇಷ್ಟು ಜನ ನೋಡ್ತಿದ್ರೆ ಮುಗಿಯಾಕೆ ಬರ್ತತೆ. ನನ್ ಮಗ್ಳು ಒಬ್ಳೇ ಇದ್ರೆ ತಾನೇ ಏಳ್ತತೆ. ಭಾಳ ಜಾಣ ಕೈ ಕಣಪ್ಪ ನಿಂದು.”

ಗುತ್ಯಪ್ಪ ಹಾರಿ ಎದ್ದ. “ಏ ಹಾಲಮ್ಮ! ಅಳಿಯನ ಮೇಲೆ ಕೈ ಮಾಡ್ತೀಯಾ? ತಪ್ಪಾತು ಅನ್ನು ಮೊದ್ಲು!”

“ನಂಗೂ ಶಾರ್ಟ್ ಟೆಂಪರ್ ಗುತ್ಯಪ್ಪಣ್ಣ. ಅದ್ನೂ ಬರ್ಸು.”

“ಹೆಂಗ್ಸಿಗೆಲ್ಲಿಂದ ಬಂತು ಶಾರ್ಟ್ ಟೆಂಪರ್? ಇದು ಸೊಕ್ಕು!”

ಮೆಟ್ಟಿಲ ಮೇಲಿದ್ದ ತಾಯಮ್ಮ ಪಕ್ಕದವಳ ತೊಡೆ ತಟ್ಟಿದಳು. “ಕೇಳಿದ್ಯೇನೇ? ನಮ್ಗೆ ಬಂದ್ರೆ ಸೊಕ್ಕು, ಅವ್ರಿಗೆ ಬಂದ್ರೆ ಇಂಗ್ಲಿಷು.”

ನಾನು ಬರೆದ ಸಾಲನ್ನು ಹೊಡೆದುಹಾಕಿ ಹೊಸ ಹಾಳೆ ತೆಗೆದೆ. ತಲೆ, ಗೋಡೆ. ಬೆನ್ನು, ಫ್ಯಾನ್ ಬೆಲ್ಟ್. ಬಲಗೈ, ಬಾಗಿಲು. ಮೈತ್ರಿ ಕಂಬ ಬಿಟ್ಟು ನೆಟ್ಟಗೆ ಕೂತು ಹೇಳಿದಳು: “ಬಾಗ್ಲು ಎರಡು ಸಲ ಎಳ್ದ. ಒಂದು ಸಲಕ್ಕೆ ಮುರೀಲಿಲ್ಲ ಅಂತ. ಬರೀರಿ ಅದನ್ನ.”

ಬರೆದೆ. ಗಟ್ಟಿಯಾಗಿ ಓದಿದೆ.

“ಇದಕ್ಕ ನಾ ಸಹಿ ಹಾಕಂಗಿಲ್ರಿ,” ಎಂದ ಯೋಗೇಶ. “ಮೊದ್ಲಿಂದು ಬರೀರಿ, ಈಗ್ಲೇ ಹಾಕ್ತೀನಿ.”

“ಹಾಕ್ಬ್ಯಾಡ,” ಎಂದಳು ಹಾಲಮ್ಮ. “ಪೊಲೀಸ್ರು ಸಹಿ ಇಲ್ದಿದ್ರೂ ಓದ್ತಾರೆ.”

ಪಿಯುಸಿ ಓದಿದ ಮೈತ್ರಿ, ಬರೆಯುವ ಕೈ ಮುರಿದಿದ್ದರಿಂದ, ಎಡಗೈಯ ಹೆಬ್ಬೆಟ್ಟು ಒತ್ತಿದಳು. ಪೊಲೀಸ್ ಠಾಣೆಯಿರುವ ಸೊರಬದ ಬಸ್ಸಿಗೆ ಹೊತ್ತಾಗಿತ್ತು. ಹನ್ನೆರಡು ಹೆಂಗಸರೂ ಕೆಸರುಗಾಲಿನಲ್ಲೇ ಅವಳ ಹಿಂದೆ ಹೊರಟರು.

“ಹಾಲಕ್ಕ, ಏ ಹಾಲಕ್ಕ!” ಗುತ್ಯಪ್ಪ ಜಗಲಿಯಿಂದ ಇಳಿದು ಕೂಗಿದ. “ನನ್ ಗದ್ದೆ ಸಸಿ ಕಿತ್ತಿಟ್ಟಾಗೈತೆ, ಕೊಳ್ತು ಹೋಗ್ತತೆ! ನಾಟಿ ಯಾವಾಗ?”

ಅವನು ಅವಳ ಎಡಕ್ಕಿದ್ದ. ಹಾಲಮ್ಮ ಮಗಳನ್ನು ತನ್ನ ಬಲಕ್ಕೆ ಕರೆದುಕೊಂಡು ನಡೆದಳು.