ಉಡಿಗೆ ಬಿದ್ದ ಉಬ್ಬುಗನ್ನಡಿ

ನಮ್ಮ ಮನೆಯ ಗೋಡೆಗಳ ಮೇಲೆ ಹನ್ನೊಂದು ಉಬ್ಬುಗನ್ನಡಿಗಳಿವೆ. ಹನ್ನೆರಡನೆಯದೂ ಇದೆ. ಅದನ್ನು ಹಳೇ ಕೌದಿಯಲ್ಲಿ ಸುತ್ತಿ ಅಲಮಾರಿನ ಮೇಲೆ ಇಟ್ಟಿದ್ದೇನೆ.

ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಗಂಡನಿಗೆ ಕೆಲಸ ಸಿಕ್ಕು ನಾವು ಭಾಲ್ಕಿ ಬಿಟ್ಟು ನಾಸಿಕಕ್ಕೆ ಬಂದೆವು. ಬಾಡಿಗೆ ಮನೆಯ ನಡುವಿನ ಓಣಿಯಂಥ ಜಾಗಕ್ಕೆ ಹಗಲಲ್ಲೂ ದೀಪ ಬೇಕಿತ್ತು. ಹಳೇ ಸಾಮಾನಿನ ಅಂಗಡಿಯಿಂದ ತಂದ ಒಂದು ಗುಂಡು ಕನ್ನಡಿಯನ್ನು ಅದರ ತಿರುವಿನಲ್ಲಿ ಹಾಕಿದೆ ನೋಡಿ, ಮುಂದಿನ ಕೋಣೆಯ ಕಿಟಕಿಯ ಬೆಳಕೆಲ್ಲ ಒಳಗೆ ಬಂತು. ಅಲ್ಲಿಂದ ಹಿಡಿದ ಹುಚ್ಚು ಇದು. ಹಳೇ ಗಾಜಿನ ಬೆನ್ನು ಅಲ್ಲಲ್ಲಿ ಕಪ್ಪಾಗಿದ್ದರೆ ಉಜ್ಜಬಾರದು, ಹಾಗೇ ಬಿಡಬೇಕು. ಕಿಟಕಿಗೆ ಎದುರು ಹಾಕಬೇಕು, ಇನ್ನೊಂದು ಕನ್ನಡಿಗೆ ಎದುರು ಹಾಕಬಾರದು. ಇವೆಲ್ಲ ನನಗೆ ನಾನೇ ಮಾಡಿಕೊಂಡ ಶಾಸ್ತ್ರ. ಗಂಡ "ತಿರುವಿಗೊಂದು ಕನ್ನಡಿ ಹಾಕ್ಲಿಕ್ಕ ಇದು ಮನಿ ಏನ್, ಕಸಾರಾ ಘಾಟ್ ಏನ್?" ಎನ್ನುತ್ತಾರೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ ಕೊಡುವ ಮಗಳು "ಮಮ್ಮೀ, ಆತಾ ಬಸ್", ಇನ್ನು ಸಾಕು, ಎನ್ನುತ್ತಾಳೆ. ನಾನು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಂಡವಳಲ್ಲ.

ಎರಡು ವರ್ಷದ ಹಿಂದೆ ನಾಸಿಕ್ ರೋಡಿನಲ್ಲಿ ನಮ್ಮ ಕಡೆಯವರ ಒಂದು ಮದುವೆ. ಊಟದ ಸಾಲಿನಲ್ಲಿ ಪಕ್ಕಕ್ಕೆ ಕೂತ ಹೆಣ್ಣುಮಗಳೊಬ್ಬಳು ನನ್ನ ಹುಚ್ಚಿನ ಸುದ್ದಿ ಕೇಳಿ ಮೊಬೈಲು ತೆಗೆದು ಒಂದು ಫೋಟೊ ತೋರಿಸಿದಳು. ಅವಳ ಗಂಡನ ಮನೆ ಸಂಭಾಜಿನಗರದಲ್ಲಿ. ಫೋಟೊದಲ್ಲಿದ್ದದ್ದು ಸಾಗುವಾನಿಯ ಚೌಕಟ್ಟಿನ, ಅಂಚಿಗೆ ಹಿತ್ತಾಳೆಯ ಗುಂಡು ಕೂರಿಸಿದ, ಹಿಟ್ಟು ನಾದುವ ದೊಡ್ಡ ಪರಾತದಷ್ಟು ಅಗಲದ ಉಬ್ಬುಗನ್ನಡಿ. ನನ್ನ ಕೈಯಲ್ಲಿನ ತುತ್ತು ಹಾಗೇ ನಿಂತಿತು.

ಮನೆಯ ಮುಂದಿನ ಭಾಗದಲ್ಲಿ ಮೊದಲು ಬಟ್ಟೆಯ ಅಂಗಡಿ ಇತ್ತಂತೆ. ಗಿರಾಕಿ ಬಂದರೆ ಒಳಗಿದ್ದವರಿಗೂ ಕಾಣಲೆಂದು ಅವಳ ಮಾವ ಅದನ್ನು ನಡುಮನೆಯ ಮೂಲೆಗೆ ಹಾಕಿಸಿದ್ದರು. ಈಗ ಮಾವ ಇಲ್ಲ, ಅಂಗಡಿಯೂ ಇಲ್ಲ. ಗಂಡ ಬಿಡಕಿನ್ ಕಡೆ ಹೊಸ ಕಾರ್ಖಾನೆಗೆ ಹೋಗುತ್ತಾನೆ. ಅತ್ತೆ ಸೊಂಟ ಮುರಿದುಕೊಂಡು ನಾಲ್ಕು ವರ್ಷದಿಂದ ಹಾಸಿಗೆಯಲ್ಲಿದ್ದಾರೆ. ನಡುಮನೆಯ ಮಂಚದಲ್ಲಿ ಮಲಗಿಯೇ ಅವರಿಗೆ ಆ ಕನ್ನಡಿಯಲ್ಲಿ ಬೀದಿಬಾಗಿಲೂ ಕಾಣುತ್ತದೆ, ಅಡಿಗೆಮನೆಯೂ ಕಾಣುತ್ತದೆ.

"ದಿನಾ ಪೂರಾ ನೋಡ್ತಾರ್ರಿ," ಎಂದಳು. "ಹಾಲು ಉಕ್ಕಿದ್ರ ಗೊತ್ತು, ನಾ ಕೂತ್ರ ಗೊತ್ತು, ಫೋನ್ ಹಿಡದ್ರ ಗೊತ್ತು. ನೀವು ಒಯ್ರಿ ಅದನ. ಮಧ್ಯಾಹ್ನ ಒಂದರ ಮ್ಯಾಗ ಬರ್ರಿ, ಅತ್ತಿ ಮಲಗಿರ್ತಾರ."

ಅತ್ತೆ ಮಲಗಿರುವ ಹೊತ್ತಿಗೆ ಏಕೆ ಬರಬೇಕು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ನನಗೆ ಚೆನ್ನಾಗಿ ಅರ್ಥವಾಗಿತ್ತು. ಆ ಮುದುಕಿಗೆ ಉಳಿದಿದ್ದ ಬೀದಿ, ಬಾಗಿಲು, ಬಂದು ಹೋಗುವ ಜನ ಎಲ್ಲ ಅದೊಂದು ಗಾಜಿನಲ್ಲಿತ್ತು. ಅರ್ಥವಾದ ಮೇಲೂ ನಾಲ್ಕನೆಯ ದಿನ ಸೀರೆ ಉಟ್ಟುಕೊಂಡು ರೈಲು ಹತ್ತಿದೆ. ಲಾಸಲಗಾಂವದಲ್ಲಿ ಈರುಳ್ಳಿಯ ವಾಸನೆ ಬೋಗಿಯೊಳಗೆ ನುಗ್ಗುವಾಗ, ಕನ್ನಡಿ ಸುತ್ತಲು ತಂದ ಕೌದಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ವಾಪಸು ಹೋಗಲು ಅಲ್ಲಿಯೂ ಇಳಿಯಬಹುದಿತ್ತು.

ಅವರ ಮನೆಯಲ್ಲಿ ಸೊಸೆ ಬಾಗಿಲು ಸಪ್ಪಳವಾಗದಂತೆ ತೆಗೆದಳು. ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದ ಕಳ್ಳರ ಹಾಗೆ ನಡುಮನೆಗೆ ಹೋದೆವು. ಅವಳು ಸ್ಟೂಲು ಹಿಡಿದಳು, ನಾನು ಹತ್ತಿದೆ. ಚೌಕಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ ಒಣಗಿ ಬೆಳ್ಳಗಾಗಿತ್ತು, ದೀಪಾವಳಿಗೆ ಅಂಗಡಿ ಪೂಜೆ ಮಾಡುವಾಗ ಹಚ್ಚಿದ್ದಿರಬೇಕು. ಎರಡೂ ಕೈಯಲ್ಲಿ ಕನ್ನಡಿಯ ಅಂಚು ಹಿಡಿದು ಮೇಲಕ್ಕೆತ್ತುತ್ತಿದ್ದೆ. ಗಾಜಿನೊಳಗೆ ಒಂದು ಸಣ್ಣ ಮಂಚ, ಮಂಚದ ಮೇಲೆ ಒಂದು ಸಣ್ಣ ಮುಖ. ಕಣ್ಣು ತೆರೆದೇ ಇದ್ದವು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಸಾವಕಾಶ ಇಳಸ್ರಿ," ಎಂದಿತು ದನಿ. "ಮೊಳಿ ಸಡ್ಲ ಅದ."

ಸ್ಟೂಲು ಅಲುಗಿತು. ಮತ್ತೆ ಮೊಳೆಗೆ ಹಾಕೋಣವೆಂದರೆ ಹಿಂದಿನ ಕೊಂಡಿ ಸಿಗಲೊಲ್ಲದು. ಕನ್ನಡಿ ಹಿಡಿದೇ ಇಳಿದು ಅದನ್ನು ಗೋಡೆಗೆ ಒರಗಿಸಿದೆ. ಮುದುಕಿ ನನ್ನ ಊರು ಕೇಳಿದರು. ಭಾಲ್ಕಿ ಎಂದೆ.

"ನಮ್ಮ ಕಡಿ ಮಗಳು," ಎಂದು ಸೊಸೆಯ ಕಡೆ ತಿರುಗಿದರು. "ಮನಿಗಿ ಬಂದಾಕಿಗಿ ಉಡಿ ತುಂಬು."

ಸೊಸೆ ಮೊರದಲ್ಲಿ ಅಕ್ಕಿ, ಕುಪ್ಪಸದ ಖಣ, ಕೊಬ್ಬರಿ ಬಟ್ಟಲು ತಂದಳು. ಕುಂಕುಮ ಹಚ್ಚಿದ್ದೇ ತಡ, ಸಣ್ಣಂದಿನಿಂದ ಮಾಡಿದ ರೂಢಿಗೆ ನನ್ನ ಕೈ ತಾನೇ ಸೆರಗು ಒಡ್ಡಿತು. ಅವಳು ಐದು ಸಲ ಅಕ್ಕಿ ಹಾಕಿದಳು.

"ಕನ್ನಡೀನೂ ಹಾಕು," ಎಂದರು ಅತ್ತೆ. "ಪೂಜಿ ಮಾಡಿದ್ದು ಮಾರಬಾರದು."

ಒಡ್ಡಿದ ಸೆರಗನ್ನು ಹಿಂದಕ್ಕೆ ತೆಗೆಯುವ ಹೆಣ್ಣುಮಗಳನ್ನು ನಾನು ಕಂಡಿಲ್ಲ. ಉಡಿಗೆ ಬಿದ್ದದ್ದನ್ನು ಬೇಡವೆಂದರೆ ಆ ಮನೆಗೆ ಕೇಡು ಬಗೆದಂತೆ. ಕದ್ದು ಕೊಡಬೇಕೆಂದಿದ್ದ ಕನ್ನಡಿಯನ್ನು ಸೊಸೆ ಅತ್ತೆಯ ಎದುರಿಗೇ ಎತ್ತಿ ನನ್ನ ಸೆರಗಿಗೆ ಹಾಕಿದಳು. ಆ ಭಾರಕ್ಕೆ ನಾನು ಬಗ್ಗಿದೆ. ನಾಚಿಕೆಯಿಂದ ಅವರ ಕಾಲು ಮುಟ್ಟಲೂ ಆಗಲಿಲ್ಲ.

ಹದಿನೈದು ದಿನಕ್ಕೆ ಸೊಸೆಯ ಫೋನು. "ಅಕ್ಕಾ, ಅದನ ತಿರುಗಿ ತರ್ರಿ. ಒಂದು ಸಪ್ಪಳಾದ್ರ 'ಯಾರು?' ಅಂತಾರ. ಅಡಿಗಿಮನ್ಯಾಗಿಂದ ಹೇಳಿದ್ರ ನಂಬಂಗಿಲ್ಲ, ಹೋಗಿ ಮುಖ ತೋರಸ್ಬೇಕು. ಬೆಕ್ಕು ಬಂದ್ರೂ ನಾ ಹೋಗಿ ನಿಂದರ್ಬೇಕು. ರೊಟ್ಟಿ ಹೊತ್ತತಾವ."

ಮರುದಿನವೇ ಹೊರಟೆ. ಉಡಿಯಲ್ಲಿ ಬಿದ್ದದ್ದನ್ನು ವಾಪಸು ಒಯ್ಯುವುದೆಂದರೆ ಕೇಡು ಎಂದು ಗೊತ್ತಿದ್ದೂ ಹೊರಟೆ. ಮಂಚದ ಮುಂದೆ ಕೌದಿ ಬಿಚ್ಚಿ "ತಪ್ಪು ನಂದ ಅದ್ರಿ ಅವ್ವಾ, ಇದನ ಇದ್ದಲ್ಲೇ ಹಾಕ್ತೀನಿ" ಎಂದೆ.

ಅವರು ಕನ್ನಡಿಯನ್ನು ನೋಡಲೇ ಇಲ್ಲ. "ಉಡ್ಯಾಗ ಹಾಕಿದ್ದು ನಾ ತಗೊಳ್ಳಾಂಗಿಲ್ಲ," ಎಂದರು.

"ಬಾಗಿಲ ಕಾಣಂಗಿಲ್ಲಲ್ಲರಿ ನಿಮಗ."

"ಬಾಗಿಲ ತಗೊಂಡು ಏನ್ ಮಾಡ್ಲಿ? ಅದರಾಗ ಇಕಿ ನನಗ ನಾಕು ವರ್ಷ ಬೆರಳಿನಷ್ಟು ಕಂಡಾಳ. ಈಗ ಬಂದು ಮುಂದ ನಿಂದರ್ತಾಳ."

ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಹೊರಗಿನ ಕಟ್ಟೆಯ ಮೇಲೆ ಕನ್ನಡಿಯನ್ನು ಮತ್ತೆ ಸುತ್ತಿದೆ. ಅವಳು ಹಗ್ಗದ ಒಂದು ತುದಿ ಹಿಡಿದುಕೊಂಡಳು. ನಮ್ಮ ಮನೆಯ ಬೇರೊಂದು ಕನ್ನಡಿ ಕಳಿಸಲೇ ಎಂದು ಕೇಳಿದೆ.

"ಅದೂ ಬ್ಯಾಡ ಅಂತಾರ್ರಿ," ಎಂದಳು. "ನೀವು ಇನ್ನ ಬರಬ್ಯಾಡ್ರಿ."

ಗಂಟು ಬಿಗಿಯುವ ಮೊದಲೇ ಒಳಗಿನಿಂದ ದನಿ ಬಂತು. "ಯಾರು?"

"ನಾನೇರಿ ಅತ್ತಿ, ಬಂದೆ." ಅವಳು ಹಗ್ಗ ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಮುಖ ತೋರಿಸಲು ಒಳಗೆ ಹೋದಳು.